ಅತ್ತೆ ನಡೆದ ನೀರು

ನನ್ನ ಅತ್ತೆಯ ಎರಡೂ ಕೈಗಳ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು, ಗಾಳಿಗೆ ಒಂದೇ ಕಡೆ ಒರಗಿದ ರಾಗಿ ತೆನೆಗಳ ಹಾಗೆ. ಗೆಣ್ಣುಗಳು ಊದಿ ಅವುಗಳ ಮೇಲಿನ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಲೋಟವನ್ನು ಬೆರಳಲ್ಲಿ ಹಿಡಿಯಲಾಗದೆ ಎರಡು ಅಂಗೈಗಳ ನಡುವೆ ಒತ್ತಿಕೊಂಡು ಕಾಫಿ ಕುಡಿಯುತ್ತಿದ್ದರು. ಮನೆಗೆ ಬಂದ ಹೊಸಬರು ಯಾರಾದರೂ ಆ ಕೈಗಳನ್ನೇ ನೋಡುತ್ತ ಕೂತರೆ, "ನೋಡಿದ್ದಾಯ್ತಾ? ಆಗಿದ್ರೆ ಕಾಫಿ ಕುಡೀರಿ, ಆರೋಗ್ತೈತೆ" ಎಂದುಬಿಡುತ್ತಿದ್ದರು. ಬಂದವರು ತಲೆ ತಗ್ಗಿಸಿಕೊಂಡು ಕುಡಿಯುತ್ತಿದ್ದರು.

ಅವರು ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಗಳು. ಚಿಕ್ಕವರಿದ್ದಾಗ ಅವರ ಕೇರಿಯಲ್ಲಿ ಹಾಸು ಹಾಕುವುದು ಬೀದಿಯಲ್ಲೇ. ಬೀದಿಯುದ್ದಕ್ಕೂ ಗೂಟ ನೆಟ್ಟು, ಹೆಂಗಸರು ನೂಲು ಹಿಡಿದು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆಯಬೇಕು. ಸೀರೆಯ ಉದ್ದದ ಎಳೆಗಳೆಲ್ಲ ಹೀಗೆ ನಡೆದು ನಡೆದೇ ಕೂಡುತ್ತಿದ್ದವಂತೆ. ತಾಯಿಯ ಹಿಂದೆ ನಡೆದು ಕಲಿತ ಆ ಕೆಲಸವನ್ನು ಕರೆಂಟ್ ಮಗ್ಗ ಬಂದು ನುಂಗಿತು. ಮದುವೆಯಾದ ಮೇಲೆ ಅತ್ತೆ ನೂಲಿಗೆ ಬಣ್ಣ ಹಾಕುವ ಶೆಡ್ಡಿಗೆ ಸೇರಿದರು. ಅಲ್ಲಿ ಬಣ್ಣಕ್ಕೆ ಮೊದಲು ನೂಲನ್ನು ಬೆಳ್ಳಗೆ ಮಾಡಲು ತೊಟ್ಟಿಗೆ ಬ್ಲೀಚಿಂಗ್ ಪುಡಿ ಸುರಿಯುತ್ತಿದ್ದರು. ಕಿಟಕಿಯಿಲ್ಲದ ಶೆಡ್ಡು. ಆ ಗಾಟು ಅವರ ಎದೆಗೆ ಹೊಕ್ಕಿದ್ದು ಮತ್ತೆ ಹೊರಗೆ ಬರಲೇ ಇಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು, ಉಬ್ಬಸ ಮಾತ್ರ ಬಿಟ್ಟಿರಲಿಲ್ಲ. ನೆರೆಮನೆಯವರು ಬಚ್ಚಲಿಗೆ ಬ್ಲೀಚಿಂಗ್ ಹಾಕಿದರೆ ನಮ್ಮ ಮನೆಯ ಕಿಟಕಿ ಮುಚ್ಚುತ್ತಿದ್ದೆವು.

ನನ್ನ ತವರು ನೆಲಮಂಗಲ. ಹೈವೇ ಪಕ್ಕದ ಮನೆ. "ಲಾರಿ ಹಾರನ್ ಕೇಳ್ಕೊಂಡು ಬೆಳೆದೋಳು, ಅದಕ್ಕೇ ಅಷ್ಟು ಗಂಟಲು" ಎಂದು ಅತ್ತೆ ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದರು. ನಾನೇನು ಕಡಿಮೆಯಿರಲಿಲ್ಲ, ಅವರು ಬಣ್ಣದ ಶೆಡ್ಡಲ್ಲಿದ್ದರೂ ಸೀರೆ ಆರಿಸುವುದಕ್ಕೆ ಬರುವುದಿಲ್ಲ ಎಂದು ತಿರುಗಿಸಿ ಹೇಳುತ್ತಿದ್ದೆ. ನಮ್ಮಿಬ್ಬರ ಪ್ರೀತಿ ಹೀಗೆ ಕಾಲೆಳೆಯುವುದರಲ್ಲೇ ಇತ್ತು. ಬೇರೆ ಥರದ ಪ್ರೀತಿ ಆ ಮನೆಗೆ ಬಂದದ್ದು ಅವರ ಮಂಡಿ ಹಿಡಿದುಕೊಂಡ ಮೇಲೆ.

ಕೀಲುವಾತ ಮೊದಲು ಕೈಗೆ ಬಂದು ಆಮೇಲೆ ಮಂಡಿಗೆ, ಸೊಂಟಕ್ಕೆ ಇಳಿಯಿತು. ವಾಕರ್ ಹಿಡಿದು ಬಚ್ಚಲಿಗೆ ಹೋಗಿಬರುವುದೇ ಒಂದು ಪ್ರಯಾಣವಾಯಿತು. ಎದೆಮಟ್ಟದ ನೀರಿನಲ್ಲಿ ನಡೆದರೆ ಭಾರ ಬೀಳುವುದಿಲ್ಲ, ಕೀಲುಗಳು ಸಡಿಲವಾಗುತ್ತವೆ ಎಂದು ವ್ಯಾಯಾಮ ಹೇಳಿಕೊಡುವವರೊಬ್ಬರು ಹೇಳಿದರು. ನಮ್ಮನೆಯವರು ಅದನ್ನು ಹಿಡಿದುಕೊಂಡರು. ದೇವನಹಳ್ಳಿ, ಕುಂದಾಣದ ಕಡೆ ಏಳುತ್ತಿರುವ ತೋಟದ ಮನೆಗಳ ಈಜುಕೊಳಗಳಿಗೆ ಟೈಲ್ಸ್ ಕೂರಿಸುವುದು ಅವರ ಕಸುಬು. ಊರಾಚೆಯ ನಮ್ಮ ಮನೆಯ ಹಿಂದೆ ಪಂಪ್‌ಸೆಟ್ಟಿನ ಹಳೆಯ ಸಿಮೆಂಟ್ ತೊಟ್ಟಿ ಇತ್ತು. ಅದನ್ನೇ ಅಗಲ ಮಾಡಿ, ಟೈಲ್ಸ್ ಹಾಕಿ, ಇಳಿಯಲು ಮೆಟ್ಟಿಲು, ಹಿಡಿಯಲು ಸ್ಟೀಲ್ ಕಂಬಿ, ಪಕ್ಕದಲ್ಲಿ ಮರಳಿನ ಫಿಲ್ಟರ್, ಎಲ್ಲ ಮಾಡಿಸಿದರು. ಮಗ್ಗದವರ ಮನೆಯಲ್ಲಿ ಸ್ವಿಮ್ಮಿಂಗ್ ಪೂಲಂತೆ ಎಂದು ಊರೆಲ್ಲ ನಕ್ಕಿತು. ಅತ್ತೆ ಊರಿಗಿಂತ ಜೋರಾಗಿ ನಕ್ಕರು.

ನೀರು ಕೆಡದಂತೆ ಎಲ್ಲರೂ ಹಾಕುವುದು ಕ್ಲೋರಿನ್. ಅತ್ತೆಯ ಎದೆಗೆ ಅದು ಆಗದು. ಹಾಗಾಗಿ ಫಿಲ್ಟರ್ ಕೂರಿಸಿದವರು ಕ್ಲೋರಿನ್ ಇಲ್ಲದ ಬೇರೊಂದು ಔಷಧಿ ತಂದುಕೊಟ್ಟರು. ನೀಲಿ ಬಣ್ಣದ ದ್ರವ. ವಾಸನೆಯಿಲ್ಲ, ಉರಿಯಿಲ್ಲ. ನಾವು ಅದನ್ನು ನೀಲಿ ಔಷಧಿ ಎಂದೇ ಕರೆಯುತ್ತಿದ್ದೆವು.

ಮೊದಲ ದಿನ ಅತ್ತೆ ನೈಟಿಯಲ್ಲಿ ಇಳಿದರು. ನೈಟಿ ಕೊಡೆಯ ಹಾಗೆ ಬಿಚ್ಚಿಕೊಂಡು ಮೇಲೆದ್ದಿತು. ಮಗನನ್ನು ಗದರಿ ಓಡಿಸಿ, ಒಳಗೆ ಬಂದು, ಮನೆಯ ಹಳೆಯ ಮಗ್ಗ ಮಾರಿದಾಗ ಡಬ್ಬಿಯಲ್ಲಿ ಉಳಿದಿದ್ದ ಕಬ್ಬಿಣದ ವಾಷರ್‌ಗಳನ್ನು ನನ್ನ ಕೈಲಿ ಅಂಚಿಗೆಲ್ಲ ಹೊಲಿಸಿದರು. ಮರುದಿನ ನೈಟಿ ನೆಟ್ಟಗೆ ನಿಂತಿತು. ಅತ್ತೆಯೂ ನಿಂತರು. ನಾನು ತೋಳು ಹಿಡಿದಿದ್ದೆ. "ಬಿಡು" ಎಂದರು. ಬಿಟ್ಟೆ. ಕಂಬಿಯನ್ನೂ ಬಿಟ್ಟು, ಎರಡು ಕೈಗಳನ್ನೂ ನೀರಿನ ಮೇಲೆ ಚಾಚಿಕೊಂಡು, ಎದುರಿನ ಗೋಡೆಯವರೆಗೆ ಒಬ್ಬರೇ ನಡೆದರು. ಗೋಡೆ ಮುಟ್ಟಿ ತಿರುಗಿದರು. ನಾನು ಎದುರು ಹೋಗಿ ಹಿಡಿಯಬೇಕೆಂದರೆ, ಹಾಸು ಹಾಕುವಾಗ ನಡುವೆ ಬರಬಾರದು, ಎಳೆ ಕಡಿಯುತ್ತದೆ ಎಂದು ಅಟ್ಟಿದರು. ನಮ್ಮನೆಯವರು ಪಂಪಿನ ಶೆಡ್ಡಿನ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ನೋಡದವಳ ಹಾಗೆ ಇದ್ದೆ.

ಆಮೇಲೆ ಬಿಸಿಲು ಏರಿದ ಮೇಲೆ ದಿನವೂ ಅದೇ. ನೀರಿನಲ್ಲಿ ಅತ್ತೆಗೆ ಮಾತು ಬರುತ್ತಿತ್ತು. ಯಾರ ಮನೆಯ ಸೀರೆಗೆ ಯಾವ ಅಂಚು, ಯಾರು ಯಾರಿಗೆ ಮೋಸ ಮಾಡಿದರು, ಮಾವ ಎಷ್ಟು ಪುಕ್ಕಲು, ಎಲ್ಲ ಆ ಗೋಡೆಯಿಂದ ಈ ಗೋಡೆಗೆ ನಡೆಯುವಾಗಲೇ ಹೇಳಿದ್ದು. ನನ್ನನ್ನು ತರುವುದು ಬೇಡ ಎಂದು ತಾವು ಹಟ ಹಿಡಿದಿದ್ದನ್ನೂ ಒಂದು ದಿನ ಹೇಳಿಬಿಟ್ಟರು. ನಾನು ಕಪ್ಪಗಿದ್ದೆನೆಂದೇ ಎಂದು ಕೇಳಿದೆ. "ಬಣ್ಣ ಗಿಣ್ಣ ಅಲ್ಲ ಕಣಮ್ಮಾ. ಬಾಯಿ ನಂದರಂಗೇ ಐತೆ, ಒಂದು ಮನೇಲಿ ಎರಡು ಬೇಡ ಅಂತ." ಮೆಟ್ಟಿಲಿಗೆ ಬಂದಾಗ ಮಾತು ನಿಲ್ಲುತ್ತಿತ್ತು. ನೀರು ಸೊಂಟಕ್ಕಿಂತ ಕೆಳಗಿಳಿದ ಕೂಡಲೇ ಕಾಲು ಮತ್ತೆ ಮರವಾಗುತ್ತಿತ್ತು, ಇಬ್ಬರು ಹಿಡಿದು ಕುರ್ಚಿಗೆ ಕೂರಿಸಬೇಕಿತ್ತು. ಆ ಹೆಂಗಸು ಇಪ್ಪತ್ತನಾಲ್ಕು ಗಂಟೆ ಬದುಕುತ್ತಿದ್ದುದು ನೀರಿನ ಆ ಒಂದಿಷ್ಟು ಹೊತ್ತಿಗಾಗಿ.

ನೀಲಿ ಔಷಧಿ ಕೆಲವು ವರ್ಷ ನಡೆಯಿತು. ಆಮೇಲೆ ಗೋಡೆಯ ಮೇಲೆ ತೆಳುಗೆಂಪು ಲೋಳೆ ಕಟ್ಟತೊಡಗಿತು. ಉಜ್ಜಿದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನೀರು ಅಕ್ಕಿ ತೊಳೆದ ನೀರಾಯಿತು. ಹೆಚ್ಚು ಹಾಕಿದರೂ ಔಷಧಿ ನಾಟಲಿಲ್ಲ. ಅಷ್ಟರಲ್ಲಿ ಅಂಗಡಿಯವರು ಆ ಔಷಧಿ ತರಿಸುವುದನ್ನೇ ನಿಲ್ಲಿಸಿದರು. ಇನ್ನು ಕ್ಲೋರಿನ್ನೇ ಗತಿ ಎಂದರು ಫಿಲ್ಟರಿನವರು. ಉಪ್ಪಿನಿಂದ ನಡೆಯುವ ಯಂತ್ರವಿದೆಯಂತಲ್ಲ ಎಂದು ನಾನು ಕೇಳಿದರೆ, ಅದು ಉಪ್ಪಿನಿಂದ ಕ್ಲೋರಿನ್ನನ್ನೇ ಮಾಡುವುದಮ್ಮ ಎಂದರು. ಔಷಧಿಯೇ ಇಲ್ಲದೆ ದಿನಾ ಹೊಸ ನೀರು ತುಂಬಿಸೋಣವೆಂದರೆ ನಾವೇನು ಹೊಳೆದಂಡೆಯಲ್ಲಿದ್ದೆವೇ? ಡಾಕ್ಟರನ್ನು ಕೇಳಿದೆವು. ಕೆಲವರಿಗೆ ಆಗುತ್ತೆ, ಕೆಲವರಿಗೆ ಆಗಲ್ಲ, ಕಡಿಮೆ ಹಾಕಿ ನೋಡಿ ಎಂದು ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಬಯಲಿನಲ್ಲಿರುವ ನೀರು, ಗಾಳಿ ಆಡುತ್ತದೆ, ಶೆಡ್ಡಿನ ಹಾಗಲ್ಲ ಎಂದು ಅತ್ತೆಯೇ ನಮಗೆ ಧೈರ್ಯ ಹೇಳಿದರು. ಫಿಲ್ಟರಿನವರದು ಒಂದೇ ಷರತ್ತು. ನೀಲಿ ಔಷಧಿಗೂ ಕ್ಲೋರಿನ್ನಿಗೂ ಎಣ್ಣೆ ಸೀಗೆಕಾಯಿ, ಆದ್ದರಿಂದ ಇರುವ ನೀರನ್ನೆಲ್ಲ ಖಾಲಿ ಮಾಡಿ, ತೊಟ್ಟಿ ತಿಕ್ಕಿ, ಫಿಲ್ಟರಿನ ಮರಳು ಬದಲಿಸಿ, ಹೊಸ ನೀರಿಗೇ ಕ್ಲೋರಿನ್ ಹಾಕಬೇಕು. ಬೇಸಿಗೆ ಶುರುವಾಗಿತ್ತು. ನಮ್ಮ ಬೋರು ದಾರದಷ್ಟು ನೀರು ಕೊಡುತ್ತಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದವರು ಮಗನನ್ನು ಹತ್ತಿರ ಕರೆದರು.

"ನಾಕು ಮನೆಯೋರು ಕುಡಿಯೋವಷ್ಟು ನೀರು ಕಣೋ ಅದು. ನನ್ನ ಮಂಡಿಗೋಸ್ಕರ ಮೋರಿಗೆ ಚೆಲ್ಲಬ್ಯಾಡ."

ಬೇರೆ ಯಾವ ಸೀಮೆಯವರಾದರೂ ಆ ಮಾತನ್ನು ಮೀರುತ್ತಿದ್ದರೇನೋ. ನಮಗೆ ಆಗಲಿಲ್ಲ. ಕೊಡದ ತಳದಲ್ಲಿ ಉಳಿದ ನೀರನ್ನು ತುಳಸಿಗೆ ಹಾಕಿ ಕೊಡ ತೊಳೆಯುವ ಜನ ನಾವು, ತುಂಬಿದ ತೊಟ್ಟಿಯನ್ನು ಹೇಗೆ ಚೆಲ್ಲುವುದು? ನಮ್ಮನೆಯವರಿಗೆ ಟೈಲ್ಸ್ ಗೊತ್ತು, ನೀರಿನ ವಿಷಯ ಅಷ್ಟಕ್ಕಷ್ಟೆ. ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಹೊಂದಿಕೊಳ್ಳುತ್ತದೆ ಎಂದು ಅದೇ ನೀರಿಗೆ ಕ್ಲೋರಿನ್ ಸುರಿದರು. ಬೆಳಗ್ಗೆ ಎದ್ದು ನೋಡಿದರೆ ತೊಟ್ಟಿ ತುಂಬ ಕಂದುಬಣ್ಣದ ನೀರು, ಅದರಲ್ಲಿ ಒಡೆದ ಹಾಲಿನಂಥ ಗರಣೆ. ಫಿಲ್ಟರಿನ ಮರಳು ಅಂಟಿನುಂಡೆಯಾಗಿ ಕಟ್ಟಿಕೊಂಡು ಮೋಟರ್ ಕೂಗುತ್ತಿತ್ತು. ಕೊನೆಗೆ ಚೆಲ್ಲಲೇಬೇಕಾಯಿತು. ಪೋಲಾಗದಿರಲಿ ಎಂದು ಅತ್ತೆ ಅದನ್ನು ತಮ್ಮ ಕನಕಾಂಬರದ ಪಾತಿಗೆ ಬಿಡಿಸಿದರು. ಗಿಡಗಳ ಎಲೆಯ ಅಂಚೆಲ್ಲ ಸುಟ್ಟ ಹಾಗೆ ಕಪ್ಪಾಗಿ, ವಾರದೊಳಗೆ ಪಾತಿ ಒಣಗಿತು. ನೀರನ್ನು ಉಳಿಸಲು ಹೋಗಿ ನೀರೂ ಹೋಯಿತು, ಹೂವೂ ಹೋಯಿತು. ಅತ್ತೆ ಆ ಕಡೆಯ ಕಿಟಕಿಗೆ ಬೆನ್ನು ಮಾಡಿ ಕೂರತೊಡಗಿದರು.

ಮರಳು ಸಿಕ್ಕಿ, ಟ್ಯಾಂಕರ್ ನೀರು ಸಿಕ್ಕಿ, ತೊಟ್ಟಿ ಮತ್ತೆ ತುಂಬುವ ಹೊತ್ತಿಗೆ ಬೇಸಿಗೆ ಮುಗಿಯುತ್ತ ಬಂದಿತ್ತು. ಅಷ್ಟು ದಿನ ನಡೆಯದೆ ಅತ್ತೆಯ ಮಂಡಿಗಳು ಮಡಚಿದ ಹಾಗೇ ನಿಂತುಬಿಟ್ಟಿದ್ದವು. ಮಲಗಿದಲ್ಲಿ ಮಗ್ಗುಲಾಗಲೂ ನನ್ನನ್ನು ಕರೆಯಬೇಕು. ಬಾಯಿ ಜೋರಿನ ಹೆಂಗಸು "ಸ್ವಲ್ಪ ಈ ಕಡೆ ಮಾಡಮ್ಮ" ಎಂದು ಮೆಲ್ಲಗೆ ಕೇಳುವುದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಬೈದಾದರೂ ಕೇಳಲಿ ಎನಿಸುತ್ತಿತ್ತು.

ಹೊಸ ನೀರು ಕನ್ನಡಿಯ ಹಾಗಿತ್ತು. ತಳದ ಟೈಲ್ಸಿನ ಗೆರೆಗಳೆಲ್ಲ ಕಾಣುತ್ತಿದ್ದವು. ನಾವಿಬ್ಬರೂ ಹಿಡಿದು ಅತ್ತೆಯನ್ನು ಇಳಿಸಿದೆವು. ಮಂಡಿಯನ್ನು ಮೆಲ್ಲಗೆ ಬಿಡಿಸಿಕೊಂಡು ನಡೆದರು, ಮೊದಲು ಕಂಬಿ ಹಿಡಿದು, ಮುಂದಿನ ವಾರ ಕಂಬಿ ಬಿಟ್ಟು. ವಾಸನೆ ಇದೆಯಾ ಎಂದರೆ ಇಲ್ಲ ಎನ್ನುತ್ತಿದ್ದರು. ಎದೆ ಹೇಗಿದೆ ಎಂದರೆ ನಿನ್ನೆದೆ ನೋಡ್ಕೋ ಎನ್ನುತ್ತಿದ್ದರು. ನಾವು ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಊಟ ಮಾಡಿದೆವು. ಒಂದೇ ಬದಲಾವಣೆಯೆಂದರೆ ನೀರಿನಲ್ಲಿ ಈಗ ಅವರು ಮಾತಾಡುತ್ತಿರಲಿಲ್ಲ. ಬಾಯಿ ಬಿಗಿದುಕೊಂಡು ನಡೆಯುತ್ತಿದ್ದರು. ಹೋದ ಬಲವನ್ನು ಹಟ ಮಾಡಿ ವಾಪಸು ತರುತ್ತಿದ್ದಾರೆ ಎಂದುಕೊಂಡೆ. ಜೊತೆಗೆ ಮರೆವೂ ಹೆಚ್ಚಾದಂತಿತ್ತು. ನಡುವೆ ನನ್ನನ್ನು ಒಳಗೆ ಕಳಿಸುತ್ತಿದ್ದರು, ಒಂದು ದಿನ ಟವೆಲ್ಲಿಗೆ, ಒಂದು ದಿನ ಬಾಚಣಿಗೆಗೆ, ಒಂದು ದಿನ ಒಲೆಯ ಮೇಲೆ ಹಾಲಿದೆಯೇನೋ ನೋಡಿಕೊಂಡು ಬಾ ಎಂದು.

ಅವತ್ತು ಟವೆಲ್ ಬಾಗಿಲ ಹತ್ತಿರದ ಹಗ್ಗದ ಮೇಲೇ ಇತ್ತು. ತಕ್ಷಣ ಹಿಂದಿರುಗಿದೆ. ಅತ್ತೆ ಗೋಡೆಯಂಚಿಗೆ ಹಣೆ ಒತ್ತಿ, ಇಡೀ ಮೈ ಕುಲುಕುವ ಹಾಗೆ ಕೆಮ್ಮುತ್ತಿದ್ದರು. ತುಟಿ ನೇರಳೆಯಾಗಿತ್ತು. ಉಬ್ಬಸಕ್ಕೆ ಎಳೆದುಕೊಳ್ಳುವ ಪಂಪು ಗುಲಾಬಿ ಕುಂಡದ ಮರೆಯಲ್ಲಿತ್ತು, ಕೈ ಚಾಚಿದರೆ ಸಿಗುವ ಹಾಗೆ. ಅದನ್ನು ಒತ್ತಲು ಆ ವಾಲಿದ ಬೆರಳುಗಳಿಗೆ ಆಗದೆ ಅಂಗೈಯ ಬುಡದಿಂದ ಒತ್ತುತ್ತಿದ್ದರು. ನಾನು ನೀರಿಗೆ ಹಾರಿ ಹಿಡಿದುಕೊಂಡೆ.

ಉಸಿರು ಬಂದ ಮೇಲೆ ಅವರು ಮೊದಲು ಹೇಳಿದ್ದು, "ಅವನಿಗೆ ಹೇಳಬ್ಯಾಡ."

ಹೇಳುತ್ತೇನೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಉಸಿರೂ ನಂದು, ಕಾಲೂ ನಂದು. ಯಾವುದು ಬೇಕು ಅಂತ ನಾನು ಹೇಳ್ಬೇಕೋ, ನೀನು ಹೇಳ್ಬೇಕೋ?"

ಆದರೂ ಅವತ್ತೇ ಹೇಳಿದೆ. ಇವತ್ತು ಅದೇ ಪರಿಸ್ಥಿತಿ ಬಂದರೂ ಹೇಳುತ್ತೇನೆ, ಅವರೂ ಅಷ್ಟೇ ಸಿಟ್ಟಾಗುತ್ತಿದ್ದರು. ಈ ಸಲ ಡಾಕ್ಟರ್ ದೀಪವನ್ನು ನೆಟ್ಟಗೆ ಇಟ್ಟರು, ನೀರಿಗೆ ಇನ್ನು ಇಳಿಯಕೂಡದು. ನಮ್ಮನೆಯವರು ಮೋಟರ್ ನಿಲ್ಲಿಸಿ ತೊಟ್ಟಿಯ ಮೇಲೆ ತಗಡು ಹಾಕಿಸಿದರು. ಅತ್ತೆ ನನ್ನೊಡನೆ ಮಾತು ಬಿಟ್ಟರು. ಮುದ್ದೆ ಮುರಿದು ಬಾಯಿಗಿಟ್ಟರೆ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದರು. ಗೌರಿ ಹಬ್ಬದ ಹೊತ್ತಿಗೆ, ನಾನು ಉಟ್ಟಿದ್ದ ಹೊಸ ಸೀರೆಯ ಅಂಚು ಕಳಪೆ ಎಂದು ಒಂದು ಮಾತು ಆಡಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ಹಾಸಿಗೆ ಹಿಡಿದವರು ಏಳಲಿಲ್ಲ. ಎಣ್ಣೆ ಹಚ್ಚಿದೆವು, ಬಿಸಿ ಶಾಖ ಕೊಟ್ಟೆವು, ಕಾಲನ್ನು ಮಡಚಿ ಬಿಡಿಸಲು ನೋಡಿದೆವು. ಎಲ್ಲ ನೀರಲ್ಲಿ ಹೋಮ. ಚಳಿಗಾಲ ಬಂದಾಗ ಮಲಗಿದಲ್ಲೇ ಎದೆಗೆ ಕಫ ಕಟ್ಟಿತು. ಯಾವ ಉಸಿರನ್ನು ಉಳಿಸಲೆಂದು ಅವರ ಕಾಲನ್ನು ಕಿತ್ತುಕೊಂಡೆವೋ ಆ ಉಸಿರೂ ಸಂಕ್ರಾಂತಿಯವರೆಗೆ ಉಳಿಯಲಿಲ್ಲ.

ತಿಥಿಯ ದಿನ ಪಂಕ್ತಿಯಲ್ಲಿ ಕೂತ ಅವರ ನಾದಿನಿಯೊಬ್ಬರು, ಪುಣ್ಯವಂತೆ, ಮಗ ಅಷ್ಟು ದೊಡ್ಡ ಕೊಳ ಕಟ್ಟಿಸಿಕೊಟ್ಟ, ಕೊನೆಗಾಲದಲ್ಲಿ ನೀರಲ್ಲಾದರೂ ಓಡಾಡಿ ತೃಪ್ತಿಯಾಗಿ ಹೋದಳು ಎಂದರು. ಪಕ್ಕದವರು ಹೌದೆಂದು ತಲೆಯಾಡಿಸಿದರು. ನಾನು ಸಾರಿನ ಬಕೆಟ್ಟನ್ನು ಕೆಳಗಿಟ್ಟು, ಇಲ್ಲ, ತೃಪ್ತಿಯಾಗಿ ಹೋಗಲಿಲ್ಲ ಎಂದೆ. ನಮ್ಮನೆಯವರು ನನ್ನ ಕಡೆ ನೋಡಿ, ಬಕೆಟ್ ಎತ್ತಿಕೊಂಡು ತಾವೇ ಬಡಿಸುತ್ತ ಮುಂದೆ ಹೋದರು.

ಕೊನೆಯ ವಾರ ಒದ್ದೆ ಬಟ್ಟೆಯಲ್ಲಿ ಅವರ ಪಾದ ಒರೆಸುತ್ತಿದ್ದಾಗ ಹೇಳಿದ ಮಾತು ನನಗೊಬ್ಬಳಿಗೇ ಗೊತ್ತು. "ಮುದುಕಿಗೆ ಸಾಕಾಗಿತ್ತು ಅಂತಾರೆ ನೋಡು, ಎಲ್ಲಾರೂ ಅಂತಾರೆ. ನೀನು ಅನ್ನಬ್ಯಾಡ ಕಣಮ್ಮಾ. ನಂಗೆ ಸಾಕಾಗಿಲ್ಲ. ಇನ್ನೂ ನಡೀಬೇಕಿತ್ತು."

ಅವರಿಗಾಗಿ ನಾನು ಇನ್ನು ಮಾಡಬಹುದಾದದ್ದು ಅಷ್ಟೇ. ಯಾರು ಕೇಳಿದರೂ, ಸಾಕಾಗಿರಲಿಲ್ಲ ಎನ್ನುತ್ತೇನೆ.