ಮೂರು ದಿನ ಮೊದಲೇ ಬಂದ ಬಾಳೆಗೊನೆ

ನಮ್ಮ ಆಯಿ, ಅಂದರೆ ತಾಯಿಯ ತಾಯಿ, ಪುತಳಾಬಾಯಿ ಸಡಕಿಗೆ ಕೈ ಮುಗಿಯುತ್ತಿದ್ದಳು. ದೇವರಿಗೂ ಮುಗಿಯುತ್ತಿದ್ದಳು ಅನ್ನಿ, ಆದರೆ ದೇವರ ಮೇಲೆ ಅವಳಿಗೆ ಒಂದಷ್ಟು ತಕರಾರುಗಳಿದ್ದವು. ಸಡಕಿನ ಮೇಲೆ ಒಂದೂ ಇರಲಿಲ್ಲ. ಮನೆಯಿಂದ ಹೊರಬಿದ್ದು ಸಡಕಿಗೆ ಕಾಲಿಡುವ ಮೊದಲು ಬಗ್ಗಿ, ಎರಡು ಬೆರಳಿನಿಂದ ಅದರ ಕೆಂಪು ಗರಸು ಮುರುಮು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವಳ ರೂಢಿ. ರಸ್ತೆಯಲ್ಲಿ ಅಂಗೈಯಗಲದ ತಗ್ಗು ಬಿದ್ದರೆ ಸರ್ಕಾರವನ್ನೇ ಬೈಯುವ ಈಗಿನ ಹುಡುಗರು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರ ಚಪ್ಪಲಿ ಎಂದೂ ಎರೆ ಮಣ್ಣಿನ ಹೊಟ್ಟೆಗೆ ಹೋಗಿಲ್ಲ.

ನಾನು ಹೇಳುವ ಸಂಗತಿ ನಡೆದದ್ದು ನಿಜಾಮನ ಕಾಲ ಮುಗಿದು ಹೈದರಾಬಾದ್ ರಾಜ್ಯ ಇನ್ನೂ ಇದ್ದಾಗ, ಪೊಲೀಸ್ ಆಕ್ಷನ್ ಆದಮೇಲಿನ ಆರನೆಯ ಶ್ರಾವಣದಲ್ಲಿ. ಆಗ ನಾನು ತಾಯಿಯ ಹೊಟ್ಟೆಯಲ್ಲಿ ಏಳು ತಿಂಗಳವಳು. ಹೊಟ್ಟೆಯೊಳಗಿದ್ದವಳಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಬೇಡಿ. ಅರ್ಧ ಆಯಿ ಹೇಳಿದ್ದು, ಅರ್ಧ ಬಂಡಿ ಹೊಡೆಯುತ್ತಿದ್ದ ಇಮಾಮುದ್ದೀನ್ ಮಾಮಾ ಹೇಳಿದ್ದು, ಇಬ್ಬರೂ ಮರೆತದ್ದನ್ನು ನಾನು ಸೇರಿಸಿದ್ದು.

ಆಯಿಯ ಊರು ಕಮಲಾಪುರದಿಂದ ಎರಡು ಹರದಾರಿ, ಅಂದರೆ ಆರು ಮೈಲಿ, ಒಳಗೆ. ಅಲ್ಲಿ ಅವಳಿಗೂ ಅವಳ ಗಂಡ, ನಮ್ಮ ಮುತ್ತ್ಯಾ ಗುಂಡಣ್ಣನಿಗೂ ಒಂದು ಕೆಂಪು ಬಾಳೆಯ ತೋಟವಿತ್ತು. ಮುತ್ತ್ಯಾ ಮಾತಾಡುವುದಕ್ಕಿಂತ ನೀರು ಹಾಯಿಸುವುದೇ ಲೇಸೆಂದು ತಿಳಿದವನು. ಹೊರಗಿನ ವ್ಯವಹಾರವೆಲ್ಲ ಆಯಿಯದು. ಬೇಸಿಗೆಯಲ್ಲಿ ಆ ಎರಡು ಹರದಾರಿ ಒಂದು ಎಲೆಅಡಿಕೆ ಅಗಿಯುವಷ್ಟರ ಹಾದಿ. ಮಳೆ ಹಿಡಿಯಿತೋ, ಅದೇ ಹಾದಿ ಪರದೇಶ. ಎರೆಯಲ್ಲಿ ಕಾಲಿಟ್ಟರೆ ಕಾಲು ಮೇಲೆ ಬರುತ್ತಿತ್ತು, ಚಪ್ಪಲಿ ಬರುತ್ತಿರಲಿಲ್ಲ. ಹತ್ತು ಹೆಜ್ಜೆಗೆ ಪ್ರತಿಯೊಬ್ಬರ ಪಾದವೂ ಆನೆಯ ಪಾದ. ಅದಕ್ಕೇ ಊರಿನವರು ಚಪ್ಪಲಿಯನ್ನು ಕಂಕುಳಲ್ಲಿ ಹಿಡಿದು, ಮಣ್ಣು ಕೆರೆಯಲು ಕೈಯಲ್ಲೊಂದು ಕಟ್ಟಿಗೆಯ ಚಕ್ಕೆ ಇಟ್ಟುಕೊಂಡು, ಗಂಟಿನಲ್ಲಿ ಒಂದು ಒಣ ಸೀರೆಯನ್ನೋ ಧೋತರವನ್ನೋ ಕಟ್ಟಿಕೊಂಡು ಪ್ರಯಾಣ ಹೊರಡುತ್ತಿದ್ದರು. ನಡುವೆ ಒಂದು ಹಳ್ಳ. ಅದು ತುಂಬಿದರೆ ಅದರ ಸಿಟ್ಟು ಇಳಿಯುವವರೆಗೆ ದಂಡೆಯಲ್ಲೇ ಬುತ್ತಿ ಬಿಚ್ಚಿ ಕೂರಬೇಕು. ಎರಡು ಹರದಾರಿಗೆ ಎರಡು ದಿನ, ಆಮೇಲೆ ಕಮಲಾಪುರದಲ್ಲಿ ಕಲಬುರಗಿಯ ಮೋಟಾರು ಹಿಡಿಯುವುದು ಮೂರನೆಯ ದಿನ.

ಆದರೆ ಆಯಿ ಇದರಲ್ಲೂ ಒಂದು ಉಪಾಯ ಕಂಡುಕೊಂಡಿದ್ದಳು. ಮಳೆಗಾಲದಲ್ಲಿ ಅವಳು ಹಣ್ಣು ಒಯ್ಯುತ್ತಲೇ ಇರಲಿಲ್ಲ. ಬಲಿತ ಕಾಯಿಯ ಗೊನೆ ಕಡಿದು, ಬಂಡಿಯಲ್ಲಿ ಒಣ ಎಲೆ ಹಾಸಿ ಮಲಗಿಸಿ, ಮೇಲೆ ಹುಲ್ಲು, ಅದರ ಮೇಲೆ ಗೋಣಿತಟ್ಟು ಹೊದಿಸುತ್ತಿದ್ದಳು. ಬಂಡಿ ಹೂತು, ಎದ್ದು, ಹಳ್ಳದ ದಂಡೆಯಲ್ಲಿ ಕಾದು, ಗೊನೆ ಮೋಟಾರು ಹತ್ತಿ ಕಲಬುರಗಿ ಮುಟ್ಟುವ ಹೊತ್ತಿಗೆ ಒಳಗಿನ ಕಾವಿಗೆ ಕಾಯಿ ಹಣ್ಣಾಗಿರುತ್ತಿತ್ತು. ಮೂರು ದಿನವೆಂದರೆ ಮೂರೇ ದಿನ, ಅವಳ ಲೆಕ್ಕ ಎಂದೂ ತಪ್ಪಿದ್ದಿಲ್ಲ.

ತಪ್ಪಿದ್ದು ಮಗಳ ವಿಷಯದಲ್ಲಿ. ಮಗಳು ಜಯದೇವಿ, ಅಂದರೆ ನನ್ನ ತಾಯಿಯನ್ನು, ಕಲಬುರಗಿಯ ಶಹಾಬಜಾರಿಗೆ ಕೊಟ್ಟಿತ್ತು. ಪಂಚಮಿಗೆ ಮಗಳನ್ನು ತವರಿಗೆ ಕರೆಸದ ತಾಯಿ ತಾಯಿಯೇ? ಮದುವೆಯಾದ ಮೊದಲ ಪಂಚಮಿಗೆ ಹಳ್ಳ ಬಂತು, ಎರಡನೆಯ ಪಂಚಮಿಗೂ ಬಂತು. ಎರಡು ವರ್ಷವೂ ನನ್ನ ತಾಯಿ ಸೀರೆ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತಳು. ಕರೆಯಲು ಯಾರೂ ಬರಲಿಲ್ಲ. ಮೂರನೆಯ ವರ್ಷ ಪಂಚಮಿ ಹತ್ತಿರ ಬಂದರೂ ಅವಳು ಗಂಟು ಕಟ್ಟಲೇ ಇಲ್ಲ. ಏಳು ತಿಂಗಳಾಗಿ, ಕೆಂಪು ಬಾಳೆಹಣ್ಣಿನ ಬಯಕೆ ಹತ್ತಿಸಿಕೊಂಡು, ತಾಯಿಯ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು.

ಆಗ ಸೀಮಂತಕ್ಕೆ ಕರೆದು ಬೀಗತಿ ಶಿವಕಾಂತಮ್ಮನ ಸುದ್ದಿ ಬಂತು. ಆ ಹೆಂಗಸಿನ ಬಾಯಿ ಇಡೀ ಶಹಾಬಜಾರಿಗೆ ಗೊತ್ತಿತ್ತು. “ಸೋಮವಾರ ಮಧ್ಯಾಹ್ನ ಕುಬಸ ಇಟ್ಟೀವಿ. ತವರಿನ ಕುಬಸ, ತವರಿನ ಹಣ್ಣು ಬರಬೇಕು. ಹಳ್ಳ ಬಂತು, ಎರಿ ಹಿಡೀತು ಅಂತ ಕಥಿ ಹೇಳಬ್ಯಾಡ್ರಿ. ನೀವು ಬರದಿದ್ರ ನಾವs ಉಡಿ ತುಂಬತೀವಿ, ಆಮ್ಯಾಲ ನಿಮಗ ಈ ಮನಿ ಬಾಗಿಲ ನೆನಪು ಬ್ಯಾಡ.” ಆಯಿ ಅಂದು ಉಣ್ಣಲಿಲ್ಲ.

ಇಷ್ಟರಲ್ಲಿ ಊರಿಗೆ ಸಡಕು ಬಂದಿತ್ತು. ಹಾಗೇ ಸುಮ್ಮನೆ ಬರಲಿಲ್ಲ. ಊರ ಹಿರಿಯ ದೇವಿಂದ್ರಪ್ಪನವರು ಅದಕ್ಕೆ ಅಡ್ಡ ನಿಂತಿದ್ದರು. ಗದ್ದಲದ ವರ್ಷ ರಜಾಕಾರರ ಮೋಟಾರು ಇದೇ ಹಳ್ಳದ ಎರೆಯಲ್ಲಿ ಹೂತು, ಊರು ಮುಟ್ಟದೆ ತಿರುಗಿ ಹೋಗಿತ್ತು. “ನಮ್ಮನ್ನ ಕಾಯ್ದದ್ದು ಈ ಕೆಸರು. ಹಾದಿ ಮಾಡಿದ್ರ ಎಲ್ಲಾರೂ ಬರ್ತಾರ,” ಎಂದು ಅವರ ವಾದ. ಆ ವರ್ಷ ರಜಾಕಾರರು ಬಂದಾರೆಂದು ಅಂಜಿ ಮೊದಲು ಆಯಿಯ ಮನೆಯವರು ಇಮಾಮುದ್ದೀನ್ ಮಾಮಾನ ಅಟ್ಟದ ಮೇಲೆ ಅಡಗಿದ್ದರು. ತಿಂಗಳು ಕಳೆದು, ಪೊಲೀಸ್ ಆಕ್ಷನ್ ಆಗಿ ದಿನಮಾನ ತಿರುಗಿದಾಗ ಇಮಾಮುದ್ದೀನನ ಮನೆಯವರು ಆಯಿಯ ಬಾಳೆತೋಟದಲ್ಲಿ ಅಡಗಿದ್ದರು. ಅಂಜಿಕೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆಯಿ ಕಟ್ಟೆಯ ಮುಂದೆ ನಿಂತು ಕೇಳಿದಳಂತೆ: “ಕೆಟ್ಟವರು ಬರ್ತಾರಂತ ನಾವು ಮಗಳ ಮನಿಗಿ ಹೋಗೋದು ಬಿಡಬೇಕೇನ್ರಿ ಯಜಮಾನ್ರ?” ದೇವಿಂದ್ರಪ್ಪನವರಿಗೂ ಮೂವರು ಹೆಣ್ಣುಮಕ್ಕಳು, ಮೂವರೂ ದೂರದ ಊರಿಗೆ. ಅವರು ಅಡ್ಡ ನಿಲ್ಲುವುದನ್ನು ಬಿಟ್ಟರು.

ಬೇಸಿಗೆಯಲ್ಲಿ ಸರ್ಕಾರ ಮುರುಮು ಕೊಟ್ಟಿತು, ಊರು ಬುಟ್ಟಿ ಹೊತ್ತಿತು. ಹಳ್ಳಕ್ಕೆ ಒಂದು ಮೋರಿಯ ಸೇತುವೆ ಎದ್ದಿತು. ಆಯಿ ಹೊತ್ತ ಬುಟ್ಟಿಗಳೇ ಸಾವಿರ ಎಂದು ಅವಳೇ ಹೇಳುತ್ತಿದ್ದಳು. ನೂರು ಕಡಿಮೆ ಹಿಡಿಯಿರಿ. ಸಡಕು ಆದಮೇಲೆ ಊರಿನವರಿಗೆ ಅದರ ಮೇಲೆ ಎಷ್ಟು ಮಮತೆ ಹುಟ್ಟಿತೆಂದರೆ, ಸವೆದೀತೆಂದು ಅಂಜಿ ಮೊದಲ ಹದಿನೈದು ದಿನ ಎಲ್ಲರೂ ಅದರ ಪಕ್ಕದಲ್ಲಿ ನಡೆದರು.

ಇಷ್ಟು ಮಾಡಿಯೂ ಆಯಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಮುರುಮು ಚೆಲ್ಲಿದ ಮಾತ್ರಕ್ಕೆ ಎರೆ ಸುಮ್ಮನಿದ್ದೀತೇ? ಮಳೆಗಾಲದಲ್ಲಿ ಆ ಸಡಕಿನ ಮೇಲೆ ಅವಳಿನ್ನೂ ಬಂಡಿ ಹೂಡಿರಲಿಲ್ಲ. ಸೋಮವಾರದ ಕುಬಸಕ್ಕೆ ಹಳೆಯ ಲೆಕ್ಕದಂತೆ ಶುಕ್ರವಾರವೇ ಹೊರಡುವುದು ಎಂದು ತೀರ್ಮಾನಿಸಿದಳು. ಎರಡು ದೊಡ್ಡ ಗೊನೆ ಕಡಿಸಿದಳು: ಕಲ್ಲಿನಂಥ ಕಾಯಿ, ಬಡಿದರೆ ಟಕ್ ಎನ್ನುವಂಥದ್ದು. ಒಣ ಎಲೆ, ಹುಲ್ಲು, ಗೋಣಿತಟ್ಟು. ಮೂರು ದಿನದ ಬುತ್ತಿ. ಮಗಳ ಕುಬಸ. ಕೆರೆಯುವ ಚಕ್ಕೆ. ಒಣ ಸೀರೆ. ರಾತ್ರಿಯೆಲ್ಲ ಸುರಿದ ಮಳೆ ಬೆಳಗಿಗೆ ನಿಂತಿತ್ತು. ಚಪ್ಪಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂಡಿ ಹತ್ತಿದಳು.

ಬಂಡಿ ಹೊರಟಿತು. ಹೊರಟದ್ದು ಓಡತೊಡಗಿತು. ಆಯಿಗೆ ಮೊದಲು ಭಯವಾಯಿತು. ಎರಡೂ ಕಡೆ ಹೊಲದಲ್ಲಿ ನೀರು ನಿಂತಿದೆ, ನಡುವೆ ಬಂಡಿ ಗಡಗಡ ಗಡಗಡ ಹಾರುತ್ತಿದೆ, ಗಾಲಿಗೆ ಒಂದು ಹಿಡಿ ಮಣ್ಣಿಲ್ಲ! ಆಯಿಯ ಸೆರಗು ಹಾರಿತು, ಎಲೆಅಡಿಕೆ ಬಾಯಿಂದ ಉದುರಿತು, ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. “ಇಮಾಮಣ್ಣಾ, ಸಾವಕಾಶ ಹೊಡಿಯೋ, ನನ್ನ ಜೀವ ಹಿಂದs ಉಳೀತು!” ಎಂದು ಕೂಗುತ್ತಾಳೆ, ಮತ್ತೆ ಮರುಗಳಿಗೆಗೆ, “ಇನ್ನೊಂದೀಟು ಜೋರು ಹೊಡಿ!” ಎನ್ನುತ್ತಾಳೆ. ಇಮಾಮುದ್ದೀನ್ ಮಾಮಾ ಬಾರುಕೋಲನ್ನು ಗಾಳಿಯಲ್ಲಿ ತಿರುಗಿಸಿ ಲಾವಣಿ ಹಾಡತೊಡಗಿದ.

ಹಳ್ಳದ ಹತ್ತಿರ ಬಂದಾಗ ಎತ್ತುಗಳು ಗಕ್ಕನೆ ನಿಂತವು. ಸಡಕು ಅಲ್ಲಿ ನುಣ್ಣಗೆ ಮೋರಿಯ ಮೇಲೆ ಹೋಗುತ್ತಿತ್ತು. ಆದರೂ ಎತ್ತುಗಳು ಒಂದು ಹೆಜ್ಜೆ ಮುಂದಿಡಲೊಲ್ಲವು. ಹೊಡೆದರೂ ಇಲ್ಲ, ಪುಸಲಾಯಿಸಿದರೂ ಇಲ್ಲ.

“ಏನಾಯ್ತೋ ಇವಕ್ಕ?” ಎಂದಳು ಆಯಿ.

ಇಮಾಮುದ್ದೀನ್ ಮಾಮಾ ತಲೆ ಕೆರೆದುಕೊಂಡ. “ಅಕ್ಕಾ, ಪ್ರತಿ ಸಲ ಬಂಡಿ ಹೂಳೋದು ಇಲ್ಲೇ. ನಾವು ಇಳದು ಗಾಲಿಗಿ ಹೆಗಲ ಕೊಡೋದು ಇಲ್ಲೇ. ಇವು ಅದಕ್ಕs ನಿಂತಾವ. ಸಡಕ್ ಆಗ್ಯಾದಂತ ಎತ್ತಿಗಿ ಯಾರು ಹೇಳಬೇಕು?”

ಏನು ಮಾಡುವುದು? ಇಬ್ಬರೂ ಕೆಳಗಿಳಿದರು. ಗಟ್ಟಿ ಸಡಕಿನ ಮೇಲೆ, ಹೂಳದೇ ಇದ್ದ ಗಾಲಿಗೆ ಇಬ್ಬರೂ ಹೆಗಲು ಕೊಟ್ಟು, “ಹೋಯ್... ಹೋಯ್... ಯಾ ಅಲ್ಲಾ! ಶರಣಬಸಪ್ಪಾ!” ಎಂದು ಎಂದಿನಂತೆ ಕೂಗಿದರು. ಎತ್ತುಗಳು ಸಮಾಧಾನಗೊಂಡು ಹೊರಟವು. ಆಯಿ ಸಡಕಿನ ನಡುವೆಯೇ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಬಂಡಿಯ ಹಿಂದೆ ಓಡಬೇಕಾಯಿತು.

ಕಮಲಾಪುರ ಮುಟ್ಟಿದಾಗ ಮೋಟಾರು ಇನ್ನೂ ಬಂದಿರಲಿಲ್ಲ. ಮಳೆಗಾಲದಲ್ಲಿ ಅವರೂರಿನವರು ಹೊರಟ ದಿನವೇ ಮೋಟಾರಿಗಾಗಿ ಕಾದದ್ದು ಅದೇ ಮೊದಲು. ಆಯಿ ಈ ಸುಖವನ್ನು ಚಹಾದಂಗಡಿಯವನಿಗೆ ಹೇಳಿದಳು, ಪಕ್ಕದಲ್ಲಿ ನಿಂತ ಪೊಲೀಸಿನವನಿಗೂ ಹೇಳಿದಳು. ಗೊನೆಗಳನ್ನು ಮೋಟಾರಿನ ಮೇಲೆ ಕಟ್ಟಿಸಿ, ಬಂಡಿಯನ್ನು ಊರಿಗೆ ತಿರುಗಿಸಿ ಕಳಿಸಿ, ಸಾವಕಾಶವಾಗಿ ಚಪ್ಪಲಿ ಮೆಟ್ಟಿಕೊಂಡು ಹತ್ತಿದಳು. ಮಹಾಗಾಂವ ದಾಟುವವರೆಗೂ ನಗುತ್ತಲೇ ಇದ್ದಳು.

ಕಲಬುರಗಿಯಲ್ಲಿ ಇಳಿದಾಗ ಹೊತ್ತು ನೆತ್ತಿಗೂ ಬಂದಿರಲಿಲ್ಲ. ಹಮಾಲನ ತಲೆಯ ಮೇಲೆ ಗೊನೆ ಹೊರಿಸಿಕೊಂಡು ಆಯಿ ಮೆರವಣಿಗೆಯಲ್ಲಿ ಹೋದಂತೆ ಶಹಾಬಜಾರಿಗೆ ಹೋದಳು. ಶಿವಕಾಂತಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ನೋಡಿದಳು. ಎದ್ದು ಬಂದು ಗೋಣಿತಟ್ಟು ಸರಿಸಿದಳು. ಬೆರಳು ಮಡಚಿ ಒಂದು ಕಾಯಿಯನ್ನು ಬಡಿದಳು. ಟಕ್.

“ಏನ್ರಿ ಬೀಗತಿ, ಸೋಮವಾರ ಬರ್ರಿ ಅಂದ್ರ ಶುಕ್ರವಾರ ಬಂದೀರಿ. ಹಣ್ಣು ತರ್ರಿ ಅಂದ್ರ ಕಟಗಿ ತಂದೀರಿ!”

ಆಯಿಗೆ ಆಗ ಹೊಳೆಯಿತು. ಬೆಳಗಿನಿಂದ ಹಾರಿ ಬಂದ ಸಂತೋಷದಲ್ಲಿ ಅವಳು ಮರೆತೇಬಿಟ್ಟಿದ್ದಳು: ಹಣ್ಣು ಮಾಡುವ ಮೂರು ದಿನವನ್ನು ಸಡಕು ನುಂಗಿಬಿಟ್ಟಿತ್ತು. ಮುಖ ಸಪ್ಪಗಾಯಿತು. ಓಣಿಯ ಹೆಂಗಸರು ಇಣುಕಿ ನಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಮಗಳು ಮಾತ್ರ ನಗಲಿಲ್ಲ.

“ಕಾಯಿ ಇಲ್ಲೇ ಇರ್ಲಿ. ನಾ ಮಧ್ಯಾಹ್ನದ ಮೋಟಾರಿಗೆ ಹೋಗಿ ಸೋಮವಾರ ಬರ್ತೀನಿ,” ಎಂದಳು ಆಯಿ. ಬೀಗರ ಮನೆಯಲ್ಲಿ ಒಂದು ಹೊತ್ತು ಉಂಡು ಹೊರಡುವುದು ಚಂದ; ಮೂರು ರಾತ್ರಿ ಬಿದ್ದುಕೊಂಡರೆ ಓಣಿ ಏನಂದೀತು?

ಶಿವಕಾಂತಮ್ಮ ಸೊಸೆಯ ಮುಖ ನೋಡಿದಳು, ಬೀಗತಿಯ ಮುಖ ನೋಡಿದಳು. ಆಮೇಲೆ ಇನ್ನೂ ಜೋರಾಗಿ, ಓಣಿಗೆಲ್ಲ ಕೇಳುವಂತೆ ಬೈದಳು: “ಹೋಗ್ತಾರಂತ! ಈ ಕಟಗೀನ ಹಣ್ಣು ಮಾಡೋರು ಯಾರು? ನಮಗ ಪ್ಯಾಟಿ ಮಂದಿಗಿ ತಿನ್ನೋದು ಗೊತ್ತು, ಹಣ್ಣಿಗಿ ಹಾಕೋದು ಗೊತ್ತಿಲ್ಲ. ಸೋಮವಾರ ಇವು ಹಣ್ಣಾಗದಿದ್ರ ನಿಮ್ಮನ್ನ ಬಿಡಂಗಿಲ್ಲ. ಹಣ್ಣಾಗೋತನ ಇಲ್ಲೇ ಕೂಡ್ರಿ!”

ಒಳಗೆ ಜೋಳದ ಕಣಜವಿತ್ತು. ಆಯಿ ಗೊನೆಗಳನ್ನು ಬಿಡಿಸಿ, ಒಂದೊಂದು ಚಿಪ್ಪನ್ನು ಹುಲ್ಲಿನಲ್ಲಿ ಸುತ್ತಿ, ಜೋಳದೊಳಗೆ ಹುಗಿದಳು. ಅಂದು ರಾತ್ರಿ ತಾಯಿ ಮಗಳು ಕಣಜದ ಪಕ್ಕದಲ್ಲೇ ಹಾಸಿಕೊಂಡರು.

ನನ್ನ ತಾಯಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಗೇ ಗೋಡೆಗೆ ಹೇಳಿದಂತೆ, “ಎರಡು ಪಂಚಮಿ ಗಂಟು ಕಟ್ಕೊಂಡು ಕುಂತಿದ್ದೆ, ಅವ್ವಾ,” ಎಂದಳು.

“ನಾನೂ ಕುಂತಿದ್ದೆ,” ಎಂದಳು ಆಯಿ. “ಹಳ್ಳದ ದಂಡಿಮ್ಯಾಲ. ಎರಡೂ ಸಲ. ಬಂಡಿ ಹೂಡಿಕೊಂಡು, ಹೋಳಿಗಿ ಬುತ್ತಿ ಕಟ್ಕೊಂಡು. ನೀರು ಇಳೀಲಿಲ್ಲ, ಹೋಳಿಗಿ ಎತ್ತಿಗಿ ಹಾಕಿ ತಿರುಗಿ ಹೋದೆ.”

ಇದು ನನ್ನ ತಾಯಿಗೆ ಗೊತ್ತೇ ಇರಲಿಲ್ಲ. ಹೇಳಿ ಕಳಿಸುವುದಕ್ಕಾದರೂ ಹಾದಿ ಬೇಕಲ್ಲ! ಹಾದಿ ಒಣಗುವ ಹೊತ್ತಿಗೆ ಮಗಳು ಮುಖ ತಿರುಗಿಸಿ ಆಗಿತ್ತು. ಅವಳು ಈ ಕಡೆ ತಿರುಗಿ ತಾಯಿಯ ಸೆರಗಿನಲ್ಲಿ ಮುಖವಿಟ್ಟು ಅತ್ತಳು. ಆಯಿಯೂ ಅತ್ತಳು. ಆಮೇಲೆ ಆಯಿ ಎತ್ತುಗಳ ಕಥೆ ಹೇಳಿದಳು, ಇಬ್ಬರೂ ನಗತೊಡಗಿದರು. ಆಚೆ ಕೋಣೆಯಿಂದ ಶಿವಕಾಂತಮ್ಮ, “ನಗೋದಿದ್ರ ನನಗೂ ಕೇಳೂವಂಗ ಹೇಳ್ರಿ,” ಎಂದು ಕೂಗಿದಳು.

ಶನಿವಾರ ಟಕ್ ಎಂದಿತು. ರವಿವಾರವೂ ಟಕ್ ಎಂದಿತು. ಆಯಿ ಹೊರಗೆ ಧೈರ್ಯ ತೋರಿಸುತ್ತ ಒಳಗೇ ಹರಕೆ ಹೊತ್ತಳು. ಸೋಮವಾರ ಬೆಳಗಿನ ಜಾವ ನನ್ನ ತಾಯಿ ಎದ್ದು ಕೂತು ಮೂಗು ಅರಳಿಸಿದಳು. ಮನೆಯ ತುಂಬ ಬಾಳೆಹಣ್ಣಿನ ವಾಸನೆ. ಶಿವಕಾಂತಮ್ಮ ಜೋಳದೊಳಗೆ ಕೈ ಹಾಕಿ ಒಂದು ಚಿಪ್ಪು ತೆಗೆದಳು. ಬೆರಳಿಟ್ಟರೆ ಮೆತ್ತಗೆ, ನಸುಗೆಂಪಿನ ಬಣ್ಣ. ಮುಹೂರ್ತ, ಆರತಿ ಏನನ್ನೂ ಕಾಯದೆ ಮೊದಲ ಹಣ್ಣನ್ನು ಅವಳೇ ಸುಲಿದು ಸೊಸೆಯ ಬಾಯಿಗಿಟ್ಟಳು. ನನಗೂ ಅದರ ಪಾಲು ಬಂದಿರಬೇಕು.

ಆಮೇಲೆ ಆಯಿ ಮೂವತ್ತು ವರ್ಷ ಬದುಕಿದಳು. ಆ ಸಡಕಿಗೆ ಡಾಂಬರು ಬಂತು, ಊರಿಗೇ ಬಸ್ಸು ಬಂತು. ಹಣ್ಣಾದ ಗೊನೆಯನ್ನೇ ಬೆಳಿಗ್ಗೆ ಕಡಿದು ಮಧ್ಯಾಹ್ನಕ್ಕೆ ತಂದುಕೊಡಬಹುದಿತ್ತು. ಬೇರೆಯವರಿಗೆ ಹಾಗೇ ಕೊಡುತ್ತಿದ್ದಳು ಕೂಡ. ನಮ್ಮ ಮನೆಗೆ ಮಾತ್ರ ಆಯಿ ಎಂದೂ ಹಣ್ಣು ತರಲಿಲ್ಲ, ಕಲ್ಲಿನಂಥ ಕಾಯಿಯನ್ನೇ ತಂದಳು. “ಅಯ್ಯ, ಈ ಸಡಕಿನ ಲೆಕ್ಕ ನನಗ ಇನ್ನೂ ತಿಳಿವಲ್ದು ನೋಡ್ರಿ,” ಎನ್ನುತ್ತ ಒಳಗೆ ಬರುತ್ತಿದ್ದಳು. ಶಿವಕಾಂತಮ್ಮ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಕಣಜದ ಪಕ್ಕದಲ್ಲಿ ಎರಡು ಹಾಸಿಗೆಯನ್ನು ಅವಳು ಬೆಳಿಗ್ಗೆಯೇ ಹಾಸಿ ಇಟ್ಟಿರುತ್ತಿದ್ದಳು.