ಠಾಣೆ ಸೇತುವೆಯ ಮೇಲೆ ನಾನು ಬಾಂಬ್ ಆದದ್ದು

ಗಂಟಲಿನ ಥೈರಾಯ್ಡ್ ಗ್ರಂಥಿಯನ್ನು ಕೊಯ್ದು ತೆಗೆದರೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಎಲ್ಲೋ ಮೂಲೆಯಲ್ಲಿ ಒಂದಿಷ್ಟು ಕ್ಯಾನ್ಸರಿನ ಕಣಗಳು ಉಳಿದಿರಬಹುದು, ಅವನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ನುಂಗಬೇಕು ಎಂದರು ಡಾಕ್ಟರು. ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ, ದಪ್ಪ ಗೋಡೆಯ ಕೋಣೆಯೊಳಗೆ ನನ್ನನ್ನು ಕೂರಿಸಿ ಒಂದು ಮಾತ್ರೆ ನುಂಗಿಸಿದರು. ಮಾತ್ರೆ ತಂದವನು ಅದನ್ನು ಸೀಸದ ಡಬ್ಬಿಯಲ್ಲಿ ತಂದ, ನಾನು ನುಂಗಿದ್ದೇ ತಡ ಓಡಿಹೋದ. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ನಮ್ಮವರು, ಅಂದರೆ ನನ್ನ ಗಂಡ, ಬಾಗಿಲಾಚೆ ನಿಂತು, "ಹೇಗಿದ್ದೀಯ?" ಅಂತ ಕೂಗಿ ಕೇಳುತ್ತಿದ್ದರು.

ಮನೆಗೆ ಕಳಿಸುವಾಗ ನಿಯಮಗಳನ್ನು ಹೇಳಿದರು. ಬೇರೆ ಮಲಗಬೇಕು, ಬಟ್ಟೆ ಬೇರೆ ಒಗೆಯಬೇಕು, ಮಕ್ಕಳು ಮತ್ತು ಬಸುರಿಯರ ಹತ್ತಿರ ಹೋಗಬಾರದು. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳು ವಿಜಯಪುರದ ಕಡೆಯವಳು, ಅವಳ ಮಗಳು ಆಗ ಬಾಣಂತನಕ್ಕೆ ಬಂದಿದ್ದಳು. ನಾನೇ ಅವಳಿಗೆ ಫೋನ್ ಮಾಡಿ, ಸ್ವಲ್ಪ ದಿನ ಬರಬೇಡ ಅಂದೆ. ಅವಧಿ ಮುಗಿದ ಮೇಲೆ ಡಾಕ್ಟರು, ಇನ್ನು ಲೋಕಲ್ ಟ್ರೇನಿನಲ್ಲಿ ಹೋಗಬಹುದು, ಕೆಲಸಕ್ಕೆ ಹೋಗಬಹುದು, ಯಾರಿಗೂ ತೊಂದರೆಯಿಲ್ಲ ಎಂದರು. ಮೈಯಲ್ಲಿ ಅಯೋಡಿನ್ನಿನ ಚೂರುಪಾರು ಇನ್ನೂ ಕೆಲವು ವಾರ ಇರುತ್ತದೆ, ಸೂಕ್ಷ್ಮ ಯಂತ್ರಗಳಿಗೆ ಗೊತ್ತಾಗಬಹುದು, ಈ ಕಾರ್ಡು ಜೊತೆಯಲ್ಲಿರಲಿ ಎಂದು ಕೈಗೊಂದು ಕಾರ್ಡು ಕೊಟ್ಟರು. ಸೂಕ್ಷ್ಮ ಯಂತ್ರ ಏರ್‌ಪೋರ್ಟಿನಲ್ಲಿ ಇರುತ್ತದೆ, ನನಗೇನು ಅಂತ ಕಾರ್ಡನ್ನು ಪರ್ಸಿಗೆ ಹಾಕಿಕೊಂಡೆ.

ಡೊಂಬಿವಲಿಯಿಂದ ಲೋಕಲ್ ಹಿಡಿದು, ಠಾಣೆ ಸ್ಟೇಷನ್ನಿನಲ್ಲಿ ಇಳಿದು, ಸೇತುವೆ ಹತ್ತಿ ಆಚೆ ಬದಿಗೆ ದಾಟಿ, ಅಲ್ಲಿಂದ ಇನ್ನೊಂದು ಗಾಡಿಯಲ್ಲಿ ಘಣಸೋಲಿಗೆ ಹೋಗುವುದು ನನ್ನ ನಿತ್ಯದ ದಾರಿ. ಅಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನನಗೆ ಕೆಲಸ. ರಜೆ ಮುಗಿದ ಮೊದಲ ದಿನ ಸೇತುವೆಯ ಮೇಲೆ ಎಂದಿನ ನೂಕುನುಗ್ಗಲು. ಇಳಿಯುವ ಮೆಟ್ಟಿಲ ಹತ್ತಿರ ಬಿಳಿ ಕವಚದಂಥ ಉಡುಪು ತೊಟ್ಟ ನಾಲ್ಕಾರು ಮಂದಿ ನಿಂತಿದ್ದರು. ಕೈಯಲ್ಲಿ ಯಂತ್ರಗಳು. ಅಣಕು ತಾಲೀಮು, ಗಾಬರಿ ಬೇಡ ಅಂತ ಮರಾಠಿಯಲ್ಲಿ ಬೋರ್ಡು ಹಾಕಿದ್ದರು. ಯಾರೋ ವಿಕಿರಣದ ವಸ್ತುವನ್ನು ಬಾಂಬಿಗೆ ಸೇರಿಸಿ ಸ್ಟೇಷನ್ನಿನಲ್ಲಿ ಇಟ್ಟರೆ ಹೇಗೆ ಹುಡುಕುವುದು ಎಂಬುದರ ತಾಲೀಮು ಎಂದು ಆಮೇಲೆ ತಿಳಿಯಿತು. ಅವರೇ ಎಲ್ಲೋ ಒಂದು ಚೀಲ ಬಚ್ಚಿಟ್ಟಿದ್ದರು, ಅವರೇ ಹುಡುಕಬೇಕಿತ್ತು.

ನಾನು ಹತ್ತಿರ ಬರುತ್ತಲೇ ಯಂತ್ರ ಕಿರುಚಿಕೊಂಡಿತು.

"ಮ್ಯಾಡಮ್, ರುಕಿಯೇ! ಬ್ಯಾಗ್ ನೀಚೇ ರಖಿಯೇ!" ನಿಲ್ಲಿ, ಬ್ಯಾಗ್ ಕೆಳಗಿಡಿ ಎಂದು ಮುಖವಾಡದೊಳಗಿನಿಂದ ಒಬ್ಬ ಕೂಗಿದ.

ನನಗೆ ತಕ್ಷಣ ಅರ್ಥವಾಯಿತು. ಅರ್ಥವಾದದ್ದನ್ನು ಸರಿಯಾಗಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಮೂವತ್ತು ವರ್ಷ ಇಲ್ಲಿದ್ದರೂ ಗಡಿಬಿಡಿಯಾದಾಗ ನನ್ನ ಹಿಂದಿ ಉಡುಪಿಗೆ ವಾಪಸು ಹೋಗುತ್ತದೆ. "ಬ್ಯಾಗ್ ಮೇ ಕುಛ್ ನಹೀ ಹೈ ಭಯ್ಯಾ," ಅಂದೆ, "ಮೇರೇ ಅಂದರ್ ಹೈ."

ಅಂದರೆ, ಬ್ಯಾಗಿನಲ್ಲಿ ಏನೂ ಇಲ್ಲ, ನನ್ನ ಒಳಗೆ ಇದೆ! ಹಿಂದೆ ಬರುತ್ತಿದ್ದ ಹೆಂಗಸು ಚೀರಿದಳು. ಅದುವರೆಗೆ ಒಂದು ಅಂಗುಲ ಜಾಗ ಬಿಡದಿದ್ದ ಠಾಣೆಯ ಜನ ನನ್ನ ಸುತ್ತ ಒಂದು ಅಂಗಳದಷ್ಟು ಜಾಗ ಬಿಟ್ಟರು. ಓಡುವವರು ಓಡಿದರು. ಉಳಿದವರು ಮೊಬೈಲ್ ಎತ್ತಿ ಹಿಡಿದರು.

ಹಳದಿ ಪಟ್ಟಿ ಕಟ್ಟಿದರು. ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಒಬ್ಬ ಉದ್ದನೆಯ ಇಕ್ಕಳದಿಂದ ನನ್ನ ಬುತ್ತಿಯ ಡಬ್ಬಿ ಎತ್ತಿ ದೂರ ಇಟ್ಟ. ಅದರೊಳಗೆ ಇದ್ದದ್ದು ಚಪಾತಿ ಮತ್ತು ತೊಂಡೆಕಾಯಿ ಪಲ್ಯ. ನಾನು ಪರ್ಸಿನಿಂದ ಆಸ್ಪತ್ರೆಯ ಕಾರ್ಡು ತೆಗೆದು ಚಾಚಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಓದಪ್ಪ, ಇದರಲ್ಲಿ ಎಲ್ಲ ಬರೆದಿದೆ."

"ಅದಕ್ಕೂ ಅಂಟಿಕೊಂಡಿರಬಹುದು ಮ್ಯಾಡಮ್. ನಾನು ಮುಟ್ಟುವ ಹಾಗಿಲ್ಲ."

"ಮುಟ್ಟಬೇಡ. ಕಣ್ಣಿಂದ ಓದು!"

"ಸಾಹೇಬರು ಬರಲಿ."

ಸಾಹೇಬರು ಕಲ್ಯಾಣದ ಕಡೆಯಿಂದ ಬರಬೇಕಿತ್ತಂತೆ. ಅಷ್ಟರಲ್ಲಿ ಅವರ ತಂಡದವನೇ ಇನ್ನೊಬ್ಬ, ಹೇಗೂ ಸಿಕ್ಕಿದ್ದಾರೆ, ಇವರನ್ನೇ ಇಟ್ಟುಕೊಂಡು ತಾಲೀಮು ಮುಂದುವರಿಸೋಣ ಎಂದು ಪಕ್ಕದವನಿಗೆ ಹೇಳಿದ್ದು ಕೇಳಿಸಿತು. ನನಗೆ ರಕ್ತ ಕುದಿಯಿತು. ಕತ್ತಿನ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಕಾಯಿಲೆಯ ವಿಷಯ ಆಫೀಸಿನಲ್ಲಿ ಮೂರ್ನಾಲ್ಕು ಮಂದಿ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಈಗ ಅದು ನಡುಸೇತುವೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು.

ಕೊನೆಗೆ ಬಂದದ್ದು ಸಾಹೇಬರಲ್ಲ, ಸಣ್ಣ ಪ್ರಾಯದ ಒಬ್ಬ ಅಧಿಕಾರಿಣಿ. ಕೈಯಲ್ಲಿ ಬೇರೆ ತರಹದ ಯಂತ್ರವಿತ್ತು. ಅದನ್ನು ನನ್ನ ಕತ್ತಿನ ಬಳಿ ಸ್ವಲ್ಪ ಹೊತ್ತು ಹಿಡಿದಳು. ಪರದೆ ನೋಡಿದಳು, ಕಾರ್ಡು ಇಸಿದುಕೊಂಡು ಓದಿದಳು, ಮುಖವಾಡ ತೆಗೆದು ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತಳು.

"ಅಯೋಡಿನ್. ಔಷಧಿಯದ್ದೇ. ಕ್ಷಮಿಸಿ ಆಂಟಿ," ಎಂದಳು ಹಿಂದಿಯಲ್ಲಿ. "ನಮ್ಮ ಅಮ್ಮನೂ ಇದನ್ನೇ ತಗೊಂಡಿದ್ದರು."

ನಾನು ಸಿಟ್ಟಿನಲ್ಲೇ ಇದ್ದೆ. "ನಿಮ್ಮ ಯಂತ್ರಕ್ಕೆ ರೋಗಿ ಯಾರು, ಬಾಂಬು ಯಾವುದು ಅಂತ ಗೊತ್ತಾಗುವುದಿಲ್ಲವಾ?"

"ದೊಡ್ಡದಕ್ಕೆ ಗೊತ್ತಾಗುತ್ತೆ, ಸಣ್ಣದಕ್ಕೆ ಗೊತ್ತಾಗಲ್ಲ. ಅದು ಕೂಗುತ್ತೆ, ಅಷ್ಟೇ. ಬಂದರಿನಲ್ಲಿ ಟೈಲ್ಸ್ ತುಂಬಿದ ಕಂಟೇನರಿಗೂ ಕೂಗುತ್ತೆ, ಗೊಬ್ಬರದ ಲಾರಿಗೂ ಕೂಗುತ್ತೆ. ಅವುಗಳಲ್ಲೂ ಒಂಚೂರು ವಿಕಿರಣ ಇರುತ್ತೆ."

"ಮತ್ತೆ ಇದೆಲ್ಲ ಯಾಕೆ? ನಿಜವಾಗಿ ಯಾರು ಅಣುಬಾಂಬ್ ಹೊತ್ತುಕೊಂಡು ಠಾಣೆಗೆ ಬರ್ತಾರೆ?"

ಅವಳು ಪಾಠ ಹೇಳುವವಳ ಹಾಗೆ ಹೇಳಲಿಲ್ಲ, ದಣಿದವಳ ಹಾಗೆ ಹೇಳಿದಳು. ಅಣುಬಾಂಬನ್ನು ಕದ್ದು ಸಾಗಿಸುವುದು ಬಹಳ ಕಷ್ಟ, ಆದರೆ ಅಸಾಧ್ಯ ಅಂತ ಯಾರೂ ಬರೆದುಕೊಡುವುದಿಲ್ಲ. ಕೊಳಕು ಬಾಂಬು ಅನ್ನುವುದು ಬೇರೆ. ಆಸ್ಪತ್ರೆಯಿಂದಲೋ ಫ್ಯಾಕ್ಟರಿಯಿಂದಲೋ ಕದ್ದ ವಿಕಿರಣದ ವಸ್ತುವನ್ನು ಸಾಧಾರಣ ಸ್ಫೋಟಕಕ್ಕೆ ಸುತ್ತಿ ಸಿಡಿಸುವುದು. ಸ್ಫೋಟಕ್ಕೆ ಸಿಕ್ಕಿ ಸಾಯುವವರಿಗಿಂತ, ಆ ಜಾಗ ಮುಟ್ಟಲಾರದ್ದಾಗಿ ಮನೆ ಅಂಗಡಿ ಬಿಟ್ಟು ಹೋಗುವವರೇ ಹೆಚ್ಚು. "ಅದರ ಅರ್ಧ ಕೆಲಸವನ್ನು ಹೆದರಿಕೆಯೇ ಮಾಡಿಬಿಡುತ್ತೆ ಆಂಟಿ," ಎಂದಳು. "ಈಗ ನೋಡಿದಿರಲ್ಲ." ಆಮೇಲೆ, "ಸುಳ್ಳು ಕೂಗು ಕೇಳಿ ಕೇಳಿ ಬೇಜಾರಾಗಿ ನಮ್ಮವನೊಬ್ಬ ಯಂತ್ರದ ಸದ್ದು ಬಂದ್ ಮಾಡಿಟ್ಟ ದಿನ ನಿಜವಾದ್ದು ದಾಟಿ ಹೋಗುತ್ತೆ. ನನಗೆ ಇರೋ ಭಯ ಅದೊಂದೇ."

ಆ ಮಾತು ನನಗೆ ನಾಟಿತು. ಯಂತ್ರದ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಮನುಷ್ಯರ ಮೇಲಿನ ಸಿಟ್ಟು ಮಾತ್ರ ಇಳಿಯಲು ಅವಕಾಶವೇ ಸಿಗಲಿಲ್ಲ.

ಯಾಕೆಂದರೆ ನಾನು ಡೊಂಬಿವಲಿಗೆ ವಾಪಸು ಬರುವ ಮೊದಲೇ ವಿಡಿಯೋ ಬಂದಿತ್ತು. ಕುರ್ಚಿ, ಹಳದಿ ಪಟ್ಟಿ, ನಾನು. ಕೆಳಗೆ ಯಾವನೋ ಪುಣ್ಯಾತ್ಮ, ಠಾಣೆಯಲ್ಲಿ ಮಹಿಳಾ ಬಾಂಬ್ ಸೆರೆ ಎಂದು ಬರೆದಿದ್ದ. ನಮ್ಮ ಕಟ್ಟಡದ ಸೊಸೈಟಿಯ ವಾಟ್ಸಪ್ ಗುಂಪಿನಲ್ಲಿ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದವರೂ ಇದ್ದರು, ಯಾಕೆ ಎಂದು ಇವತ್ತಿಗೂ ತಿಳಿದಿಲ್ಲ. ವಾಚ್‌ಮನ್ ಗೇಟು ತೆರೆದು ಗೇಟಿನ ಹಿಂದೆ ಅಡಗಿಕೊಂಡ. ಲಿಫ್ಟಿನಲ್ಲಿದ್ದ ನಾಲ್ಕನೇ ಮಾಳಿಗೆಯವಳು, ಏನೋ ಮರೆತೆ ಅಂತ ಇಳಿದು ಹೋದಳು.

ಸಂಜೆ ಸೊಸೈಟಿಯ ಅಧ್ಯಕ್ಷ ಬಂದ. ನಮ್ಮ ಕಡೆಯವನೇ, ಇಲ್ಲೇ ಹೋಟೆಲ್ ಇಟ್ಟವನು. ಹಬ್ಬಕ್ಕೆ ಕಡುಬು ಕೊಟ್ಟರೆ ಎರಡನೇ ಸಲ ಕೇಳಿ ತಿನ್ನುವವನು. ಅವತ್ತು ಹೊಸ್ತಿಲಾಚೆಯೇ ನಿಂತ.

"ಅಕ್ಕ, ತಪ್ಪು ತಿಳ್ಕೊಳ್ಬೇಡಿ. ನನಗೆ ಗೊತ್ತುಂಟು ನಿಮ್ಮದು ಏನೂ ಇಲ್ಲ ಅಂತ. ಆದ್ರೆ ಜನ ಹೆದರಿದ್ದಾರೆ. ನೀವು ಒಂದು ತಿಂಗಳು ಊರಿಗೆ ಹೋಗಿ ಬಂದ್ರೆ ಹೇಗೆ?"

"ಊರಲ್ಲಿ ಜನ ಇಲ್ಲವಾ?"

"ಹಾಗಲ್ಲ ಅಕ್ಕ. ಅಲ್ಲಿ ಗಾಳಿ ಚೆನ್ನಾಗಿದೆ."

ಒಳಗಿನಿಂದ ನಮ್ಮವರು ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನಿಗೆ ಚೆನ್ನಾಗಿ ಅರ್ಥವಾಯಿತು. ಆದರೂ ಹೋಗುವ ಮೊದಲು, ಗೇಟಿಗೆ ಸೇತುವೆಯ ಮೇಲಿದ್ದಂಥದೊಂದು ಯಂತ್ರ ಹಾಕಿಸುವ ಬಗ್ಗೆ ಮೀಟಿಂಗ್ ಕರೆದಿದ್ದೇನೆ ಎಂದು ಹೇಳಿಯೇ ಹೋದ.

ಮರುದಿನ ಪಾತ್ರೆ ತೊಳೆಯುವ ವಿಜಯಪುರದವಳು ಬಂದಳು. ಅವಳೂ ವಿಡಿಯೋ ನೋಡಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನೇರವಾಗಿ ಕೇಳಿದಳು. "ಬಾಯಾರ, ನಿಮ್ಮ ಮೈಯಾಗ ಬಾಂಬ್ ಐತಂತ ವಾಚ್‌ಮನ್ ಹೇಳಾಕತ್ತಾನ. ಐತೇನು, ಇಲ್ಲೇನು?"

"ಔಷಧಿ ಇದೆ. ಬಾಂಬ್ ಇಲ್ಲ."

"ನನ್ನ ಮಗಳಿಗೆ ಏನರ ಆಗತೈತೇನ್ರಿ?"

"ಆಗೋದಿಲ್ಲ. ಆಗಬಹುದಾದ ದಿನಗಳಲ್ಲಿ ನಿನಗೆ ನಾನೇ ಬರಬೇಡ ಅಂದಿದ್ದೆನಲ್ಲ."

ಅವಳು ಸ್ವಲ್ಪ ಯೋಚಿಸಿದಳು. "ಹೌದು ನೋಡ್ರಿ, ಅಂದಿದ್ರಿ," ಎಂದು ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಇಡೀ ಕಟ್ಟಡದಲ್ಲಿ ನನ್ನನ್ನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದವಳು ಅವಳೊಬ್ಬಳೇ. ನನಗೆ ಅಳು ಬಂತು, ಅದಕ್ಕೂ ಕಿರಿಕಿರಿಯಾಯಿತು.

ಮೀಟಿಂಗಿನ ಹಿಂದಿನ ಸಂಜೆ ಗಾಳಿ ರಾಸಾಯನಿಕ ಕಾರ್ಖಾನೆಗಳಿರುವ ಎಂಐಡಿಸಿ ಕಡೆಯಿಂದ ಬೀಸಿತು. ಇದು ನಮಗೆ ಹೊಸದಲ್ಲ. ಕೆಲವು ಸಂಜೆ ಕೊಳೆತ ಮೊಟ್ಟೆಯ ವಾಸನೆ, ಕೆಲವು ಸಂಜೆ ನೇಲ್‌ಪಾಲಿಶ್ ಬಾಟಲಿ ಒಡೆದ ಹಾಗೆ. ಅವತ್ತು ಮಾತ್ರ ಕಣ್ಣು ಉರಿಯತೊಡಗಿತು. ಮಕ್ಕಳು ಕೆಮ್ಮುತ್ತ ಆಟ ಬಿಟ್ಟು ಬಂದರು. ಜನ ಬಾಲ್ಕನಿಗೆ ಬಂದು ಮೂಗು ಮುಚ್ಚಿಕೊಂಡು ನಿಂತರು. ಕಿಟಕಿ ಮುಚ್ಚಬೇಕಾ, ತೆರೆಯಬೇಕಾ, ಯಾರಿಗೆ ಫೋನ್ ಮಾಡಬೇಕು, ಯಾರಿಗೂ ಗೊತ್ತಿಲ್ಲ. ಗುಂಪಿನಲ್ಲಿ ಒಬ್ಬ, ನಿಮಗೂ ವಾಸನೆ ಬಂತಾ ಎಂದು ಕೇಳಿದ. ಹೌದು, ಹೌದು ಎಂದು ಎಲ್ಲರೂ ಬರೆದರು. ಊಟದ ಹೊತ್ತಿಗೆ ವಾಸನೆ ಹೋಯಿತು, ಮಾತೂ ನಿಂತಿತು.

ಮೀಟಿಂಗಿನಲ್ಲಿ ನನ್ನ ಎರಡೂ ಬದಿಯ ಕುರ್ಚಿಗಳು ಖಾಲಿ. ಅಧ್ಯಕ್ಷ ವಿಕಿರಣ ಹುಡುಕುವ ಯಂತ್ರದ ಪ್ರಸ್ತಾಪ ಎತ್ತಿದ. ಹಿಂದಿನಿಂದೊಬ್ಬ, ಸಮುದ್ರದ ಕಡೆಯಿಂದ ಏನು ಬೇಕಾದರೂ ಬರಬಹುದು ಸಾಹೇಬರೇ, ಕಾಲ ಕೆಟ್ಟಿದೆ ಎಂದ. ನಾನು ಎದ್ದು ನಿಂತೆ. ಗಂಟಲ ಆಪರೇಷನ್ ಆದ ಮೇಲೆ ನನ್ನ ದನಿ ಒಡೆದಿದೆ, ಜೋರಾಗಿ ಮಾತಾಡಿದರೆ ಕೀರಲಾಗುತ್ತದೆ. ಆದರೂ ಆಡಿದೆ.

"ಬರಬಹುದು, ನಾನು ಇಲ್ಲ ಅನ್ನುವುದಿಲ್ಲ. ಹಾಗೆ ಹುಡುಕುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದರೆ ನಿನ್ನೆ ಸಂಜೆ ಬಂದದ್ದು ಏನು? ಅದು ಸಮುದ್ರದಿಂದ ಬಂತಾ? ನಮ್ಮ ಹಿಂಬದಿಯ ರಸ್ತೆಯ ಕಾರ್ಖಾನೆಗಳಿಂದ ಬಂತು. ಕಣ್ಣು ಉರಿದಾಗ ಏನು ಮಾಡಬೇಕು ಅಂತ ಇಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಹೇಳಿ. ನಾನು ನಾಳೆಯೇ ಊರಿಗೆ ಹೋಗುತ್ತೇನೆ."

ಅಧ್ಯಕ್ಷ ಗಂಟಲು ಸರಿಮಾಡಿಕೊಂಡು, "ಮುಂದಿನ ವಿಷಯ, ಪಾರ್ಕಿಂಗ್," ಎಂದ.

ಆದರೆ ಮೀಟಿಂಗ್ ಮುಗಿದ ಮೇಲೆ ಇಬ್ಬರು ಹೆಂಗಸರು ನನ್ನ ಬಳಿ ಬಂದರು. ಅವರಲ್ಲಿ ಒಬ್ಬಳು ಲಿಫ್ಟಿನಿಂದ ಇಳಿದು ಹೋದವಳೇ. ಅವಳ ಮಗನಿಗೆ ಆಸ್ತಮಾ ಇತ್ತು, ಹಿಂದಿನ ರಾತ್ರಿಯಿಡೀ ಕೆಮ್ಮಿದ್ದನಂತೆ. ನಾವು ಮೂವರೂ ಸೇರಿ ವಾಸನೆಯ ದೂರು, ಅದು ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆ ಹಿಡಿದುಕೊಂಡು ಕಚೇರಿಗಳಿಗೆ ಅಲೆಯತೊಡಗಿದೆವು. ಇಲ್ಲಿಯವರು ಅಲ್ಲಿಗೆ ಕಳಿಸಿದರು, ಅಲ್ಲಿಯವರು ಕಲ್ಯಾಣಕ್ಕೆ ಕಳಿಸಿದರು, ಕಲ್ಯಾಣದವರು ಇದು ನಮ್ಮದಲ್ಲ, ಡೊಂಬಿವಲಿಯದು ಎಂದರು. ಒಂದು ಕಡೆ ಗುಮಾಸ್ತನೊಬ್ಬ, ವಾಸನೆಯ ಸ್ಯಾಂಪಲ್ ತಂದಿದ್ದೀರಾ ಎಂದು ಕೇಳಿದ. ನನ್ನ ಜೊತೆ ಬಂದವಳು ಚೀಲದೊಳಗೆ ಕೈಹಾಕಿದಳು. ಹೊಡೆಯುತ್ತಾಳೇನೋ ಎಂದು ನಾನು ಅವಳ ಕೈ ಹಿಡಿದುಕೊಂಡೆ. ಅವಳು ತೆಗೆದದ್ದು ನೀರಿನ ಬಾಟಲಿ.

ಎಷ್ಟೋ ಓಡಾಟದ ನಂತರ ಒಂದು ಭಾನುವಾರ ಬೆಳಿಗ್ಗೆ ಅಗ್ನಿಶಾಮಕದ ಕೆಲಸದಲ್ಲಿದ್ದು ನಿವೃತ್ತರಾದ ಒಬ್ಬರು ನಮ್ಮ ಕಟ್ಟಡದ ಅಂಗಳಕ್ಕೆ ಬಂದು ಪಾಠ ಹೇಳಲು ಒಪ್ಪಿದರು. ಕೇಳಲು ಬಂದವರು ಕಡಿಮೆ. ನಮ್ಮ ಮನೆಗೆಲಸದವಳು ತಾನಿರುವ ಚಾಳಿನ ಸಾಲುಮನೆಗಳ ಹೆಂಗಸರನ್ನು ಕರೆದುಕೊಂಡು ಬಂದಿದ್ದರಿಂದ ಅಂಗಳ ತುಂಬಿದ ಹಾಗೆ ಕಂಡಿತು. ಅನಿಲ ಸೋರಿದರೆ ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ, ಒಳಗೆ ಹೋಗಿ, ಬಾಗಿಲು ಕಿಟಕಿ ಮುಚ್ಚಿ, ಹೊರಗೆ ಹೋಗಲೇಬೇಕಾದರೆ ಗಾಳಿಗೆ ಅಡ್ಡಲಾಗಿ ನಡೆಯಿರಿ ಎಂದರು ಅವರು.

ನಮ್ಮವರು ಕೈ ಎತ್ತಿದರು. "ಕೊಳಕು ಬಾಂಬು ಸಿಡಿದರೆ?"

"ಅದಕ್ಕೂ ಹೆಚ್ಚುಕಡಿಮೆ ಇದೇ. ಓಡಬೇಡಿ. ಹತ್ತಿರದ ಕಟ್ಟಡದೊಳಗೆ ಹೋಗಿ, ಎಲ್ಲ ಮುಚ್ಚಿ. ಮೇಲಿನ ಬಟ್ಟೆ ಕಳಚಿ ಚೀಲದಲ್ಲಿ ಕಟ್ಟಿ ದೂರ ಇಡಿ. ತಲೆಯಿಂದ ಕಾಲಿನವರೆಗೆ ಧಾರಾಳ ನೀರಿನಲ್ಲಿ ಸ್ನಾನ ಮಾಡಿ. ಸರಕಾರ ಹೇಳುವವರೆಗೆ ಹೊರಗೆ ಬರಬೇಡಿ."

ಇಷ್ಟೇ. ಇಷ್ಟನ್ನು ತಿಳಿಯಲು ನಾನು ಸೇತುವೆಯ ಮೇಲೆ ಕುರ್ಚಿಯಲ್ಲಿ ಕೂರಬೇಕಾಯಿತು.

"ಧಾರಾಳ ನೀರು ಅಂದ್ರಿ," ಎಂದಳು ವಿಜಯಪುರದವಳು. "ನಮ್ಮ ಚಾಳಿನಾಗ ನೀರು ಮುಂಜಾನೆ ಒಂದ ತಾಸು ಬರತೈತಿ. ಬಾಂಬ್ ಮಧ್ಯಾಹ್ನ ಬಂದ್ರ?"

ಆ ಹಿರಿಯರು, "ಡ್ರಮ್ಮಿನಲ್ಲಿ ತುಂಬಿಡಿ ತಾಯಿ," ಎಂದರು. ಅಷ್ಟು ಹೊತ್ತೂ ಹಿಂದೆ ನಿಂತು ಕೇಳುತ್ತಿದ್ದ ಅಧ್ಯಕ್ಷ, ತನ್ನ ಹೋಟೆಲಿನಲ್ಲಿ ಎಣ್ಣೆ ಬರುವ ದೊಡ್ಡ ಡ್ರಮ್ಮುಗಳು ಖಾಲಿ ಬಿದ್ದಿವೆ, ಬೇಕಾದವರು ಒಯ್ಯಬಹುದು ಎಂದ. ಸಂಜೆಯೊಳಗೆ ಅವು ಒಂದೊಂದಾಗಿ ಚಾಳಿಗೆ ಹೋದವು. ಉರುಳಿಸಿಕೊಂಡು ಹೋಗುವ ಸದ್ದಿಗೆ ಮಧ್ಯಾಹ್ನದ ನಿದ್ದೆ ಕೆಟ್ಟಿತೆಂದು ನಮ್ಮ ಕಟ್ಟಡದ ಗುಂಪಿನಲ್ಲಿ ಮೂವರು ದೂರು ಬರೆದರು.