ಕುರಿ ನೆಕ್ಕಿದ ಗೋಡೆ

ನಮ್ಮ ಪರಿಸರ ಕೇಂದ್ರವನ್ನು ಕೆಡವುವುದಿಲ್ಲ! ಮೊನ್ನೆ ಹೈದರಾಬಾದಿನ ಮೇಡಂ ಬಾಯಿಬಿಟ್ಟು ಹೇಳಿಹೋದರು. ಅಂದಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ತರಕಾರಿಯವಳಿಗೆ ಎರಡು ಸಲ ಹೇಳಿದೆ. ಕೊತ್ತಂಬರಿ ಪುಕ್ಕಟೆ ಕೊಟ್ಟಳು. (ಖುಷಿಗೋ, ನಾನು ಬೇಗ ಹೋಗಲೆಂದೋ, ಗೊತ್ತಿಲ್ಲ.)

ನಾರಾಯಣಪೇಟೆಯ ಆ ಕಟ್ಟಡ ನಿಜಾಮರ ಕಾಲದಲ್ಲಿ ಸುಂಕದ ನಾಕಾ ಆಗಿತ್ತು. ಆಮೇಲೆ ನಮ್ಮ ನೇಕಾರರು ನೂಲಿಗೆ ಬಣ್ಣ ಹಾಕುವ ಜಾಗವಾಯಿತು. ಅದಾದ ಮೇಲೆ ಪಾರಿವಾಳಗಳ ಮನೆ. ಈಗ ಕೆಲವು ವರ್ಷದಿಂದ ನನ್ನ ಮೊಮ್ಮಗಳು ಶ್ರೀದೇವಿ, ಅವಳ ಗೆಳತಿಯರು ಅಲ್ಲಿ ಸಸಿ ಬೆಳೆಸುತ್ತಾರೆ, ನಾಟಿ ಬೀಜ ಕೂಡಿಡುತ್ತಾರೆ, ಶಾಲೆ ಮಕ್ಕಳಿಗೆ ಪ್ಲಾಸ್ಟಿಕ್ ಬೇಡವೆಂದು ಪಾಠ ಹೇಳುತ್ತಾರೆ.

ಮೊಳದಗಲದ ಗೋಡೆ. ಬೇಸಿಗೆಯಲ್ಲೂ ಫ್ಯಾನ್ ಬೇಡ. ಅದನ್ನು ಕೆಡವಿ ಎಸಿ ಬಿಲ್ಡಿಂಗ್ ಕಟ್ಟುವ ಪ್ಲಾನ್ ಸರಕಾರದಿಂದ ಬಂತು. ಯಾಕೆ? ಪರಿಸರ ಉಳಿಸಲು!

ಶ್ರೀದೇವಿ ಓಡಾಡಿದ್ದೇ ಓಡಾಡಿದ್ದು. ಕೊನೆಗೆ ಹಳೇ ಕಟ್ಟಡಗಳನ್ನು ಬಲ್ಲ ಮೇಡಂ ಒಬ್ಬರು ಹೈದರಾಬಾದಿನಿಂದ ಬಂದು, ಉಳಿಸುವಂಥದ್ದೇನಾದರೂ ಇದೆಯೇ ಎಂದು ನೋಡುವುದು ಅಂತಾಯಿತು. ಹುಡುಗಿ ಚಿಂತೆಯಲ್ಲಿ ಊಟ ಬಿಟ್ಟಳು.

ನಾನು ಸುಮ್ಮನೆ ಕೂರುವವಳೇ? ಹೆಣ್ಣು ನೋಡಲು ಬರುತ್ತಾರೆಂದರೆ ಮನೆಗೆ ಸುಣ್ಣ ಹೊಡೆಯುವುದಿಲ್ಲವೇ? ಹಿಂದಿನ ದಿನ ಸೊಸೆಯನ್ನು ಕರೆದುಕೊಂಡು ಹೋಗಿ ಕೇಂದ್ರದ ಮುಂದಿನ ಗೋಡೆಗೆ ಹೊಡೆದೇಬಿಟ್ಟೆ. ಸುಣ್ಣ ಅಂಟಲೆಂದು ಒಂಚೂರು ಉಪ್ಪು, ಗಂಜಿ ಹಾಕುವುದು ರೂಢಿ. ಆದರೆ ಜೀವನವೆಲ್ಲ ಮಗ್ಗದ ನೂಲಿಗೆ ಗಂಜಿ ಹಚ್ಚಿದ ಕೈ ನನ್ನದು. ನೂಲಿಗೆ ಎಷ್ಟು ಗಟ್ಟಿ ಬೇಕೋ ಅಷ್ಟೇ ಗಟ್ಟಿಯಾಗಿ ಕಾಸಿ ಸುರಿದೆ. ಉಪ್ಪೂ ಧಾರಾಳ.

ಮರುದಿನ ಮೇಡಂ ಕಾರಿನಿಂದ ಇಳಿಯುವುದಕ್ಕೂ ಬೀರಪ್ಪನ ಕುರಿಹಿಂಡು ಅದೇ ದಾರಿಯಲ್ಲಿ ಬರುವುದಕ್ಕೂ ಸರಿಹೋಯಿತು. ಮುಂದಿನ ಕುರಿ ಗೋಡೆಗೆ ಮೂಗು ಹಚ್ಚಿತು. ಆಮೇಲೆ ನಾಲಿಗೆ. ಒಂದು ಕುರಿ ಶುರು ಮಾಡಿದರೆ ಉಳಿದವು ಬಿಡುತ್ತವೆಯೇ?

ಶ್ರೀದೇವಿ ಓಡಿಸಿದಳು. ಒಂದೂ ಕದಲಲಿಲ್ಲ. ಬೀರಪ್ಪನಿಗೆ ಬೈದಳು.

"ಕುರೀದೇನು ತಪ್ಪೈತವ್ವಾ," ಅಂದ ಅವನು. "ಗೋಡಿಗೆ ಅಡಿಗಿ ಮಾಡಿ ಬಡಿಸಿದೋರು ಯಾರು, ಅವರನ್ನ ಕೇಳು."

ಎಲ್ಲರೂ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

ಅಷ್ಟರಲ್ಲಿ ಗೋಡೆಯೇ ಉದುರತೊಡಗಿತು. ನನ್ನ ಗಂಜಿ ಒಣಗಿ ಬಿಗಿದು, ಒಳಗಿನ ಹಳೇ ಸುಣ್ಣದ ಪದರಗಳನ್ನೆಲ್ಲ ಎಬ್ಬಿಸಿತ್ತು. ನಾಲಿಗೆ ತಾಗಿದ್ದೇ ತಡ, ಹಪ್ಪಳದ ಹಾಗೆ ಬಿದ್ದವು. ಶ್ರೀದೇವಿ ತಲೆ ಹಿಡಿದುಕೊಂಡು ಕುಳಿತಳು. ಮುಗಿಯಿತು ಕಥೆ ಅಂದುಕೊಂಡೆ.

ಒಳಗೆ ಕೆಂಪು ಕಂಡಿತು. ಆಮೇಲೆ ಹಳದಿ. ಸಾಲುಸಾಲು ಗೋಪುರ. ಗೋಡೆಯುದ್ದಕ್ಕೂ ಕೈಯಿಂದ ಬರೆದ ನಮ್ಮೂರ ಸೀರೆಯ ಅಂಚುಗಳು, ಒಂದರ ಕೆಳಗೊಂದು! ಗಿರಾಕಿ ಬಂದರೆ ಗೋಡೆ ತೋರಿಸಿ, ಯಾವ ಅಂಚು ಬೇಕೆಂದು ಕೇಳುತ್ತಿದ್ದರೆಂದು ನಮ್ಮ ಮಾವ ಹೇಳುತ್ತಿದ್ದರು. ನಾವು ಮುದುಕರ ಮಾತೆಂದು ನಕ್ಕಿದ್ದೆವು. ಹಬ್ಬಕ್ಕೊಂದು ಪದರ ಸುಣ್ಣ ಬಳಿದು ಮುಚ್ಚಿದವರೂ ನಾವೇ ಅಲ್ಲವೇ?

ಮೇಡಂ ಒಂದು ಕುರಿಯನ್ನು ಮೆಲ್ಲಗೆ ಸರಿಸಿ ಬಹಳ ಹೊತ್ತು ನೋಡಿದರು. ಈ ಕಟ್ಟಡದ ಒಂದು ಕಲ್ಲನ್ನೂ ಅಲ್ಲಾಡಿಸಲು ಬಿಡುವುದಿಲ್ಲವೆಂದು ತೆಲುಗಿನಲ್ಲಿ ಹೇಳಿದರು. ಆದರೆ ಇನ್ನು ಕುರಿ ಬಿಡಬೇಡಿ, ಉಳಿದದ್ದನ್ನು ನಮ್ಮ ಜನ ಬಂದು ಬ್ರಷ್‌ನಿಂದ ತೆಗೆಯುತ್ತಾರೆ ಎಂದರು.

ಬೀರಪ್ಪನಿಗೆ ಸಿಟ್ಟು ಬಂತು. "ನಿಮ್ಮೋರು ಪಗಾರ ತಗೋತಾರ್ರೀ ಮೇಡಂ. ನನ್ನವು ಬಿಟ್ಟಿ ಮಾಡ್ಯಾವ."

ಶ್ರೀದೇವಿ ಅಳುತ್ತ ನಗುತ್ತ ನನ್ನನ್ನು ತಬ್ಬಿಕೊಂಡಳು. "ಅಜ್ಜೀ, ಇನ್ನೊಮ್ಮಿ ಸುಣ್ಣದ ಬಕೀಟು ಮುಟ್ಟಿದರ ನೋಡು."

ಅಂದು ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಶ್ರೀದೇವಿ ನಾಲ್ಕು ರೊಟ್ಟಿ ತಿಂದಳು. ಇಂಥ ಖುಷಿಗೆ ಮಟನ್ ಇಲ್ಲದಿದ್ದರೆ ಹೇಗೆ ಎಂದು ಮಗ ಚೀಲ ಹಿಡಿದು ಹೊರಟಿದ್ದ, ನಾನೇ ತಡೆದೆ.

ಅವತ್ತೊಂದು ದಿನ, ಯಾವ ಬಾಯಿಂದ ತಿನ್ನಬೇಕು ಹೇಳಿ?